ಹಿನ್ನೆಲೆಯ ಸ್ಪಷ್ಟತೆ: ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಪರಿಸರದ ಜಾನಪದ ಛಾಯಾಚಿತ್ರಗಳು ಮತ್ತು ಕ್ಯಾಮೆರಾದ ಸ್ವಯಂಚಾಲಿತ ನಿರ್ಣಯ

ಕನ್ನಡ ಜಾನಪದ ಸಂಗ್ರಹದ ಇತಿಹಾಸವನ್ನು ಬರೆಯುವಾಗ ಸಂಗ್ರಾಹಕರ ಹೆಸರುಗಳನ್ನು, ಸಂಕಲನಗಳನ್ನು, ಸಂಸ್ಥೆಗಳನ್ನು ನಾವು ತಪ್ಪದೆ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇವೆ. ಅವರ ಕೈಯಲ್ಲಿದ್ದ ಉಪಕರಣಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಧ್ವನಿಮುದ್ರಣದ ಬಗೆಗಾದರೂ ಅಲ್ಲಲ್ಲಿ ಚರ್ಚೆ ನಡೆದಿದೆ. ಕ್ಯಾಮೆರಾ ಎಂದರೆ ಇದ್ದುದನ್ನು ಇದ್ದಂತೆ ಹಿಡಿಯುವ ಯಂತ್ರ ಎಂಬ ನಂಬಿಕೆಯಿಂದ ಅದರ ಬಗೆಗೆ ಏನನ್ನೂ ಕೇಳದೆ ಮುಂದೆ ಸಾಗಿದ್ದೇವೆ. ಒಂದು ಚಿತ್ರದಲ್ಲಿ ಯಾವುದು ಸ್ಪಷ್ಟವಾಗಿ ಉಳಿಯಬೇಕು, ಯಾವುದು ಮಸುಕಾಗಬೇಕು ಎಂಬುದನ್ನು ಯಾರೋ ಒಬ್ಬರು ನಿರ್ಣಯಿಸಿರುತ್ತಾರೆ. ಆ ನಿರ್ಣಯ ಕಾಲಕ್ರಮದಲ್ಲಿ ಮನುಷ್ಯನ ಕೈಯಿಂದ ಯಂತ್ರದ ಕೈಗೆ ಹೇಗೆ ಜಾರಿತು, ಅದರಿಂದ ನಮ್ಮ ಆಕರಗಳಿಗೆ ಏನಾಯಿತು ಎಂಬುದನ್ನು ವಿಜಾಪುರ ಜಿಲ್ಲೆಯ ನಾಲ್ಕು ತಾಲ್ಲೂಕುಗಳ ಕ್ಷೇತ್ರಕಾರ್ಯದ ಅನುಭವದ ಮೇಲೆ ನೋಡುವುದು ಪ್ರಸ್ತುತ ಲೇಖನದ ಉದ್ದೇಶ. 1997ರಲ್ಲಿ ಬಾಗಲಕೋಟೆ ಜಿಲ್ಲೆ ಬೇರೆಯಾದ ಮೇಲೆ ವಿಜಾಪುರ ತಾಲ್ಲೂಕಿನೊಂದಿಗೆ ಉಳಿದುಕೊಂಡ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳೇ ಈ ನಾಲ್ಕು. ಈಚೆಗೆ ಇವುಗಳಿಂದ ಚಡಚಣ, ತಾಳಿಕೋಟೆ, ನಿಡಗುಂದಿ, ಕೊಲ್ಹಾರ ಮೊದಲಾದ ಹೊಸ ತಾಲ್ಲೂಕುಗಳು ಹುಟ್ಟಿವೆ. ಇಲ್ಲಿ ಹಳೆಯ ಎಲ್ಲೆಗಳನ್ನೇ ಇಟ್ಟುಕೊಳ್ಳಲಾಗಿದೆ.

ಛಾಯಾಗ್ರಾಹಕರು ಡೆಪ್ತ್ ಆಫ್ ಫೀಲ್ಡ್ ಎಂದು ಕರೆಯುವುದನ್ನು ಕನ್ನಡದಲ್ಲಿ ಸ್ಪಷ್ಟತೆಯ ಆಳ ಎನ್ನಬಹುದು. ಲೆನ್ಸು ಒಂದು ನಿರ್ದಿಷ್ಟ ದೂರದಲ್ಲಿರುವ ವಸ್ತುವನ್ನು ಮಾತ್ರ ಪೂರ್ಣ ಖಚಿತವಾಗಿ ಮೂಡಿಸಬಲ್ಲದು. ಅದರ ಮುಂದೆ ಮತ್ತು ಹಿಂದೆ ಸ್ವಲ್ಪ ದೂರದವರೆಗಿನ ವಸ್ತುಗಳು ನಮ್ಮ ಕಣ್ಣಿಗೆ ಸ್ಪಷ್ಟವಾಗಿಯೇ ತೋರುತ್ತವೆ. ಆ ಸ್ವಲ್ಪ ದೂರವೇ ಸ್ಪಷ್ಟತೆಯ ಆಳ. ಲೆನ್ಸಿನ ಒಳಗಿನ ಕಿಂಡಿ, ಅಂದರೆ ಅಪರ್ಚರ್, ಕಿರಿದಾದಷ್ಟೂ ಈ ಆಳ ಹೆಚ್ಚುತ್ತದೆ. ಮುದುಕಿಯೊಬ್ಬಳು ಸೂಜಿಗೆ ದಾರ ಪೋಣಿಸುವಾಗ ಕಣ್ಣು ಕಿರಿದು ಮಾಡುವುದು ಇದೇ ತತ್ವದ ಮೇಲೆ. ಎಫ್ 2 ಎಂದರೆ ಕಿಂಡಿಯ ವ್ಯಾಸ ಲೆನ್ಸಿನ ನಾಭಿದೂರದ ಅರ್ಧದಷ್ಟು, ಎಫ್ 16 ಎಂದರೆ ಹದಿನಾರರಲ್ಲಿ ಒಂದು ಪಾಲು. 35 ಮಿ.ಮೀ. ಫಿಲ್ಮಿನ ಕ್ಯಾಮೆರಾಕ್ಕೆ 50 ಮಿ.ಮೀ. ಲೆನ್ಸು ಹಾಕಿ 3 ಮೀಟರ್ ದೂರ ನಿಂತ ಹಾಡುಗಾರನನ್ನು ಎಫ್ 2ರಲ್ಲಿ ತೆಗೆದರೆ ಸುಮಾರು 2.8ರಿಂದ 3.2 ಮೀಟರ್‌ವರೆಗಿನದು ಮಾತ್ರ ಸ್ಪಷ್ಟ. ಇಡಿಯಾಗಿ ಒಂದೂವರೆ ಅಡಿ ಕೂಡ ಇಲ್ಲ. ಅದೇ ಹಾಡುಗಾರನನ್ನು ಎಫ್ 16ರಲ್ಲಿ ತೆಗೆದರೆ ಸುಮಾರು 1.9ರಿಂದ 6.9 ಮೀಟರ್‌ವರೆಗೆ, ಅಂದರೆ ಐದು ಮೀಟರ್ ಆಳದಲ್ಲಿ, ಎಲ್ಲವೂ ಸ್ಪಷ್ಟ. ಮೊದಲ ಚಿತ್ರದಲ್ಲಿ ಹಾಡುಗಾರ ಸಿಗುತ್ತಾನೆ. ಎರಡನೆಯದರಲ್ಲಿ ಹಾಡುಗಾರ, ಅವನ ಹಿಮ್ಮೇಳ, ಗುಡಿಯ ಕಟ್ಟೆ, ಕಟ್ಟೆಯ ಮೇಲೆ ಕುಳಿತವರು ಎಲ್ಲರೂ ಸಿಗುತ್ತಾರೆ. ಅಮೆರಿಕದ ಅಲನ್ ಡಂಡೆಸ್ 1964ರಲ್ಲಿ ಜಾನಪದದ ಅಧ್ಯಯನಕ್ಕೆ ಪಠ್ಯದ ಜೊತೆಗೆ ಸಂದರ್ಭವೂ ಅಗತ್ಯವೆಂದು ವಾದಿಸಿದ ಮೇಲೆ ನಮ್ಮ ತರಗತಿಗಳಲ್ಲಿ ಸಂದರ್ಭ ಎಂಬ ಮಾತು ಬಾಯಿಪಾಠವಾಗಿದೆ. ಕ್ಯಾಮೆರಾದ ಮಟ್ಟಿಗೆ ಆ ಸಂದರ್ಭ ಕಿಂಡಿಯ ಅಳತೆಯನ್ನು ಅವಲಂಬಿಸಿದೆ ಎಂಬುದನ್ನು ಯಾವ ತರಗತಿಯಲ್ಲೂ ನನಗೆ ಯಾರೂ ಹೇಳಿಕೊಡಲಿಲ್ಲ.

ಈ ಸೀಮೆಗೆ ಕ್ಯಾಮೆರಾ ಬಂದದ್ದು ಸಾಕಷ್ಟು ಬೇಗ. ಮುಂಬಯಿ ಸರ್ಕಾರ ನೇಮಿಸಿದ ಸೇನಾಧಿಕಾರಿ ಥಾಮಸ್ ಬಿಗ್ಸ್ 1855ರಲ್ಲಿ ವಿಜಾಪುರದ ಕಟ್ಟಡಗಳ ಚಿತ್ರಗಳನ್ನು ತೆಗೆದ. ಅವು ಮುಂದೆ 1866ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ವಿಜಾಪುರದ ವಾಸ್ತುಶಿಲ್ಪದ ದೊಡ್ಡ ಗ್ರಂಥದಲ್ಲಿ ಸೇರಿದವು. ಆ ಗ್ರಂಥಕ್ಕೆ ಇತಿಹಾಸದ ಭಾಗವನ್ನು ಬರೆದವನು ಸಿಂದಗಿ, ಮುದ್ದೇಬಿಹಾಳಗಳ ನೆರೆಯ ಸುರಪುರ ಸಂಸ್ಥಾನದಲ್ಲಿ ಆಡಳಿತ ನೋಡಿಕೊಂಡಿದ್ದ ಮೆಡೋಸ್ ಟೇಲರ್, ವಾಸ್ತುವಿನ ಟಿಪ್ಪಣಿ ಬರೆದವನು ಜೇಮ್ಸ್ ಫರ್ಗುಸನ್. ಅಂದಿನ ಪದ್ಧತಿಯಲ್ಲಿ ಬೆಳಕಿಗೆ ಒಡ್ಡುವ ಕಾಲ ಸೆಕೆಂಡುಗಳಿಂದ ಹಿಡಿದು ಕೆಲವು ಬಾರಿ ನಿಮಿಷಗಳಷ್ಟು ಇರುತ್ತಿತ್ತು. ಕಟ್ಟಡದ ಬುಡದಿಂದ ಗುಮ್ಮಟದವರೆಗೆ ಎಲ್ಲವನ್ನೂ ಸ್ಪಷ್ಟವಾಗಿಸಲು ಕಿಂಡಿಯನ್ನು ಕಿರಿದು ಮಾಡಿದರೆ ಆ ಕಾಲ ಇನ್ನೂ ಹೆಚ್ಚುತ್ತಿತ್ತು. ಕಲ್ಲು ಅಲುಗಾಡುವುದಿಲ್ಲವಾದ್ದರಿಂದ ಅದು ಮೂಡಿತು, ಅದರ ಮುಂದೆ ನಡೆದು ಹೋದ ಮನುಷ್ಯ ಮೂಡಲಿಲ್ಲ. ಆಳವಿದ್ದರೂ ಜನರಿಲ್ಲದ ಚಿತ್ರಗಳು ಅವು. ಇದಕ್ಕೆ ವಿರುದ್ಧವಾದ ದಾರಿಯನ್ನು ಹಿಡಿದದ್ದು 1868ರಿಂದ 1875ರವರೆಗೆ ಎಂಟು ಸಂಪುಟಗಳಲ್ಲಿ ಬಂದ ಭಾರತದ ಜನಸಮುದಾಯಗಳ ಚಿತ್ರಮಾಲೆ. ಅಲ್ಲಿ ಸಮುದಾಯದ ಮಾದರಿಯಾಗಿ ಒಬ್ಬನನ್ನೋ ಒಂದು ಗುಂಪನ್ನೋ ಎದುರಿಗೆ ನಿಲ್ಲಿಸಿ, ಅನೇಕ ಕಡೆ ಹಿಂದೊಂದು ಬಟ್ಟೆಯನ್ನು ಇಳಿಬಿಟ್ಟು, ಅವರ ಊರನ್ನೇ ಮರೆಮಾಡಲಾಯಿತು. ಮಸುಕು ಮಾಡುವ ಬದಲು ಮುಚ್ಚಿದರು, ಅಷ್ಟೇ ವ್ಯತ್ಯಾಸ. 1916ರಲ್ಲಿ ವಿಜಾಪುರದ ವಾಸ್ತು ಅವಶೇಷಗಳ ಮೇಲೆ ಹೆನ್ರಿ ಕಸಿನ್ಸ್ ಪ್ರಕಟಿಸಿದ ಗ್ರಂಥ ಇಂದಿಗೂ ಆಕರಗ್ರಂಥವೇ. ಆದರೆ ಅವರೆಲ್ಲರ ಗಮನ ಇದ್ದುದು ನಗರದ ಮೇಲೆ, ಕಲ್ಲಿನ ಮೇಲೆ.

ನಮ್ಮವರ ಗಮನ ಹಳ್ಳಿಯ ಕಡೆಗೆ ಹೊರಳಿದಾಗ ಕೈಯಲ್ಲಿ ಕ್ಯಾಮೆರಾ ಇರಲಿಲ್ಲ. ಇಂಡಿ ತಾಲ್ಲೂಕಿನ ಹಲಸಂಗಿಯ ಗೆಳೆಯರ ಬಳಗ 1931ರಲ್ಲಿ 'ಗರತಿಯ ಹಾಡು' ಸಂಕಲನವನ್ನು ಹೊರತಂದಿತು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ ಮುಂತಾದವರ ಆ ಕೆಲಸದ ಬೆಲೆಯನ್ನು ಇಲ್ಲಿ ಮತ್ತೆ ಹೇಳಬೇಕಿಲ್ಲ. ನನ್ನ ವಿಷಯಕ್ಕೆ ಸಂಬಂಧಿಸಿದಷ್ಟನ್ನು ಹೇಳುವುದಾದರೆ, ಆ ಸಂಕಲನ ಒಂದು ಬಗೆಯ ಸಮೀಪದೃಷ್ಟಿಯ ಚಿತ್ರ. ತ್ರಿಪದಿ ಕಣ್ಣಿಗೆ ಕಟ್ಟುವಷ್ಟು ಸ್ಪಷ್ಟ. ಅದು ಹುಟ್ಟಿದ ಬೀಸುಕಲ್ಲು, ಬೆಳಗಿನ ಜಾವದ ಪಡಸಾಲೆ, ಎದುರುಬದುರು ಕುಳಿತ ಇಬ್ಬರು ಹೆಂಗಸರು ನಮ್ಮ ಊಹೆಗೆ ಬಿಟ್ಟದ್ದು. ಇದು ಆಕ್ಷೇಪಣೆಯಲ್ಲ. ಅಂದಿನ ಓದುಗನ ಮನೆಯಲ್ಲೇ ಬೀಸುಕಲ್ಲು ಇತ್ತು, ಅದನ್ನು ತೋರಿಸಬೇಕಾದ ಅಗತ್ಯವಿರಲಿಲ್ಲ.

ತಾಲ್ಲೂಕು ಸ್ಥಳಗಳಲ್ಲಿ ಸ್ಟುಡಿಯೋಗಳು ನೆಲೆಗೊಂಡ ಮೇಲೆ ಹಳ್ಳಿಯ ಜನ ಸಂತೆಗೆ, ಕೋರ್ಟು ಕಚೇರಿಗೆ ಬಂದಾಗ ಫೋಟೊ ತೆಗೆಸಿಕೊಳ್ಳುವ ರೂಢಿ ಬೆಳೆಯಿತು. ಸ್ಟುಡಿಯೋದ ಹಿನ್ನೆಲೆಯೆಂದರೆ ಬಣ್ಣದ ಪರದೆ: ಮೆಟ್ಟಿಲು, ಕಂಬ, ಹೂಕುಂಡ, ಹಿಂದೊಂದು ಕೆರೆ. ಎರೆಭೂಮಿಯ ಬಿಳಿಜೋಳದ ರೈತ ತಾನೆಂದೂ ಕಾಣದ ತೋಟದಲ್ಲಿ ಕುಳಿತಿರುತ್ತಾನೆ. ಪರದೆ ಸ್ವಲ್ಪ ಮಸುಕಾಗಿ ಬಿದ್ದರೆ ಅದು ನಿಜದಂತೆ ಕಾಣುತ್ತದೆ ಎಂಬುದು ಆ ಕಸುಬಿನವರಿಗೆ ತಿಳಿದಿತ್ತು. ಕಿಂಡಿಯನ್ನು ಎಷ್ಟು ತೆರೆಯಬೇಕೆಂಬ ನಿರ್ಣಯ ಅವರ ಬೆರಳಿನಲ್ಲಿತ್ತು. ಅವರ ಲೆನ್ಸುಗಳ ಬಳೆಯ ಮೇಲೆ ಕಿಂಡಿಯ ಅಳತೆಗೆ ತಕ್ಕಂತೆ ಎಷ್ಟು ದೂರದಿಂದ ಎಷ್ಟು ದೂರದವರೆಗೆ ಸ್ಪಷ್ಟ ಎಂಬುದನ್ನು ತೋರಿಸುವ ಗೆರೆಗಳು ಕೊರೆದಿರುತ್ತಿದ್ದವು. ಪಂಚಾಂಗ ನೋಡಿದಂತೆ ಅದನ್ನು ನೋಡಿ ಹೇಳಬಹುದಾಗಿತ್ತು.

ಜಾನಪದ ಅಧ್ಯಯನಕ್ಕೆ ಇದಕ್ಕಿಂತ ಹೆಚ್ಚು ಉಪಕಾರವಾದದ್ದು ಯಾವ ನಿರ್ಣಯವನ್ನೂ ಮಾಡಲಾಗದ ಒಂದು ಅಗ್ಗದ ಡಬ್ಬಿಯಿಂದ. ಬಡೋದೆಯ ನ್ಯೂ ಇಂಡಿಯಾ ಇಂಡಸ್ಟ್ರೀಸ್ ತಯಾರಿಸುತ್ತಿದ್ದ ಅಗ್ಫಾ ಕ್ಲಿಕ್ 3 ಕ್ಯಾಮೆರಾ ಶಾಲಾ ಮಾಸ್ತರರು, ತಲಾಠಿಗಳು, ಸೈನ್ಯದಿಂದ ರಜೆಗೆ ಬಂದವರು ಇಂಥವರ ಕೈಯಲ್ಲಿ ಹಳ್ಳಿಗಳನ್ನು ಹೊಕ್ಕಿತು. 120ರ ಫಿಲ್ಮಿನ ಒಂದು ಸುರುಳಿಗೆ ಹನ್ನೆರಡು ಚಿತ್ರ. ಲೆನ್ಸು ಒಂದೇ ಗಾಜಿನದು, ದೂರ ಹೊಂದಿಸುವ ಸೌಲಭ್ಯವೇ ಇಲ್ಲ. ಕಿಂಡಿ ಕಿರಿದಾದ್ದರಿಂದ ಸುಮಾರು ಮೂರು ಮೀಟರ್‌ನಿಂದ ಆಚೆಗಿನದೆಲ್ಲ ಒಂದೇ ಸಮನೆ ಮೂಡುತ್ತಿತ್ತು. ದೊಡ್ಡ ಲೆನ್ಸಿನ ಗರಿಗರಿ ಅದರಲ್ಲಿರಲಿಲ್ಲ, ಅಂಚುಗಳು ಮೆತ್ತಗಿರುತ್ತಿದ್ದವು. ಆದರೆ ಅದಕ್ಕೆ ಹೆಚ್ಚುಕಡಿಮೆ ಎಂಬುದಿರಲಿಲ್ಲ. ಮದುವೆಯ ಮದುಮಗನೂ ಹಿಂದಿನ ದನದ ಗ್ವಾದಲಿಯೂ ಅದರ ಕಣ್ಣಿಗೆ ಸಮಾನ.

ಇಂಥ ಒಂದು ಚಿತ್ರವನ್ನು ಕುರಿತು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಕೃಷ್ಣಾ ಮೇಲ್ದಂಡೆ ಯೋಜನೆಯಲ್ಲಿ ಮುಳುಗಿದ ಊರೊಂದರ ಜನರಿರುವ ಪುನರ್ವಸತಿ ಕೇಂದ್ರಕ್ಕೆ ಬೀಸುವ ಪದಗಳ ಸಂಗ್ರಹಕ್ಕಾಗಿ ಹೋಗಿದ್ದೆ. ಎಂಬತ್ತರ ಆಸುಪಾಸಿನ ಅಜ್ಜಿಯೊಬ್ಬರು ಪದ ಬರುವುದಿಲ್ಲ, ಮರೆತಿದೆ ಎಂದರು. ಮಾತಿನ ನಡುವೆ ಅವರ ಮಗ ಟ್ರಂಕಿನಿಂದ ಒಂದು ಚೌಕಾಕಾರದ ಕಪ್ಪುಬಿಳುಪು ಚಿತ್ರವನ್ನು ತಂದ. ಅಜ್ಜಿಯ ಮೊದಲ ಬಸಿರಿನ ಕುಬಸದ ದಿನ, ಸಂಬಂಧಿಕರಾದ ಮಾಸ್ತರರೊಬ್ಬರು ಬಾಕ್ಸ್ ಕ್ಯಾಮೆರಾದಲ್ಲಿ ತೆಗೆದದ್ದು. ನಡುವೆ ದಂಡೆ ಕಟ್ಟಿಕೊಂಡು ಕುಳಿತ ಹುಡುಗಿ, ಸುತ್ತ ಏಳೆಂಟು ಹೆಂಗಸರು. ಅವರ ಹಿಂದೆ ತಲಬಾಗಿಲು, ಬಾಗಿಲ ಪಕ್ಕದ ದೀಪದ ಮಾಡ, ಮೇಲೆ ಮಾಳಿಗೆಯ ಜಂತಿಗಳ ತುದಿ, ತೆರೆದ ಬಾಗಿಲಿನೊಳಗೆ ಪಡಸಾಲೆ, ಅದರ ಮೂಲೆಯಲ್ಲಿ ಬೀಸುಕಲ್ಲು. ಕಲ್ಲಿನ ಗೂಟ ಕೂಡ ಎಣಿಸಿ ತೋರಿಸುವಷ್ಟು ಕಾಣುತ್ತಿತ್ತು. ಅಜ್ಜಿ ತಮ್ಮ ಮುಖವನ್ನು ನೋಡಲೇ ಇಲ್ಲ. ಬೆರಳು ನೇರವಾಗಿ ಬೀಸುಕಲ್ಲಿನ ಮೇಲೆ ಹೋಯಿತು. ಅದು ತವರಿನಿಂದ ಬಂದ ಕಲ್ಲೆಂದರು, ಅತ್ತೆ ಯಾವ ಕಡೆ ಕೂರುತ್ತಿದ್ದಳು, ತಾನು ಯಾವ ಕಡೆ ಎಂದು ತೋರಿಸಿದರು, ಅತ್ತೆ ಎತ್ತಿಕೊಡುತ್ತಿದ್ದ ಪದ ಯಾವುದೆಂದು ಹೇಳಲು ಹೋಗಿ ಹಾಡಿಯೇ ಬಿಟ್ಟರು. ಆ ಮಧ್ಯಾಹ್ನ ನನಗೆ ಇಪ್ಪತ್ತಕ್ಕೂ ಹೆಚ್ಚು ತ್ರಿಪದಿಗಳು ಸಿಕ್ಕವು. ಹಾಡುಗಾರ್ತಿಯ ನೆನಪನ್ನು ತೆರೆದದ್ದು ಚಿತ್ರದ ವಿಷಯವಲ್ಲ, ಚಿತ್ರದ ಹಿನ್ನೆಲೆ.

ಅದೇ ಮನೆಯ ಗೋಡೆಯ ಮೇಲೆ ಮೊಮ್ಮಗಳ ಕುಬಸದ ದೊಡ್ಡ ಬಣ್ಣದ ಚಿತ್ರವೊಂದಿತ್ತು. ಮುಖದ ಒಂದೊಂದು ರೋಮವೂ ಕಾಣುವಂಥದ್ದು. ಹಿಂದೆ ಹಸಿರು, ಹಳದಿ, ಬೂದು ಬಣ್ಣದ ಮಂಜು. ಅಜ್ಜಿಯನ್ನು ಆ ಚಿತ್ರದ ಬಗೆಗೆ ಕೇಳಿದೆ. "ಮಾರಿ ಚಲೋ ಬಂದೈತಿ ತಮ್ಮಾ, ಆದ್ರ ಇದು ಯಾರ ಮನಿ ಮುಂದ?" ಎಂದರು.

ಈ ಮಂಜು ಹೇಗೆ ಬಂದಿತು ಎಂಬುದಕ್ಕೂ ಒಂದು ಇತಿಹಾಸವಿದೆ. ಅದಕ್ಕೆ ಮೊದಲು ಬೆಳಕಿನ ಬಗೆಗೆ ಒಂದು ಮಾತು ಅಗತ್ಯ. ಈ ನಾಲ್ಕು ತಾಲ್ಲೂಕುಗಳ ಬಯಲಿನಲ್ಲಿ ಮರ ಕಡಿಮೆ, ಬಿಸಿಲು ಪ್ರಖರ. ನೂರರ ಸಂವೇದನೆಯ ಫಿಲ್ಮಿಗೆ ಇಂಥ ಬಿಸಿಲಿನಲ್ಲಿ ಎಫ್ 16, ಸೆಕೆಂಡಿನ ನೂರನೇ ಒಂದು ಭಾಗ ಎಂಬುದು ಹಳೆಯ ಛಾಯಾಗ್ರಾಹಕರ ಸೂತ್ರ. ಅಂದರೆ ಛಾಯಾಗ್ರಾಹಕ ಬಯಸಲಿ ಬಿಡಲಿ, ಹಗಲಿನಲ್ಲಿ ಬಯಲೇ ಕಿಂಡಿಯನ್ನು ಕಿರಿದು ಮಾಡಿಸುತ್ತದೆ. ಕಾರಹುಣ್ಣಿಮೆಯಲ್ಲಿ ಕರಿ ಹರಿಯುವ ಎತ್ತುಗಳು, ಡೊಳ್ಳಿನ ಮೇಳ, ತೇರು ಎಳೆಯುವುದು ಇವುಗಳ ಹಳೆಯ ಚಿತ್ರಗಳಲ್ಲಿ ಊರಿಗೆ ಊರೇ ಹಿಂದೆ ನಿಂತಿರುತ್ತದೆ. ರಾತ್ರಿಯ ಕಲೆಗಳ ಪಾಡು ಬೇರೆ. ಮೊಹರಮ್ಮಿನ ಅಲಾಯಿ ಕುಣಿಯ ಸುತ್ತ ಬೆಂಕಿಯ ಬೆಳಕಿನಲ್ಲಿ ರಿವಾಯತ್ ಪದಗಳಿಗೆ ಹೆಜ್ಜೆ ಹಾಕುವವರು, ದೊಡ್ಡಾಟದ ರಂಗ, ಮನೆಯೊಳಗಿನ ಗೊಂದಲ ಇವುಗಳನ್ನು ತೆಗೆಯಬೇಕಾದರೆ ಕಿಂಡಿಯನ್ನು ಪೂರ್ತಿ ತೆರೆಯಬೇಕು, ಆಗ ಆಳ ಒಂದೂವರೆ ಅಡಿಗೆ ಇಳಿಯುತ್ತದೆ. ಫ್ಲ್ಯಾಷ್ ಹಾಕಿದರೆ ಮುಂದಿನವರು ಬೆಳ್ಳಗೆ, ಹಿಂದಿನದು ಕಪ್ಪು. ಹೀಗಾಗಿ ನಮ್ಮ ಸಂಗ್ರಹಗಳಲ್ಲಿ ಹಗಲಿನ ಆಚರಣೆಗಳು ಸಂದರ್ಭಸಹಿತವಾಗಿಯೂ ರಾತ್ರಿಯ ಆಚರಣೆಗಳು ಸಂದರ್ಭರಹಿತವಾಗಿಯೂ ದಾಖಲಾಗಿವೆ. ದೊಡ್ಡಾಟ ವ್ಯಕ್ತಿಪ್ರಧಾನ, ಡೊಳ್ಳು ಸಮೂಹಪ್ರಧಾನ ಎಂದು ಚಿತ್ರಗಳನ್ನು ಮುಂದಿಟ್ಟುಕೊಂಡು ಯಾರಾದರೂ ವಾದಿಸಿದರೆ ಅದು ಕಲೆಯ ಲಕ್ಷಣವಾಗದೆ ಲೆನ್ಸಿನ ಲಕ್ಷಣವೂ ಆಗಿರಬಹುದು ಎಂಬ ಎಚ್ಚರ ಬೇಕು. ಈ ತಪ್ಪನ್ನು ವಿದ್ಯಾರ್ಥಿದೆಸೆಯಲ್ಲಿ ನಾನೇ ಮಾಡಿದ್ದೇನೆ.

ಸ್ವಯಂಚಾಲನೆ ಹಂತಹಂತವಾಗಿ ಬಂದಿತು. 1977ರ ಕೊನಿಕಾ ಸಿ 35 ಎ.ಎಫ್. ತಾನೇ ದೂರ ಹೊಂದಿಸಿಕೊಳ್ಳುವ, ದೊಡ್ಡ ಪ್ರಮಾಣದಲ್ಲಿ ತಯಾರಾದ ಮೊದಲ ಕ್ಯಾಮೆರಾ. 1978ರ ಕ್ಯಾನನ್ ಎ-1ರಲ್ಲಿ ಕಿಂಡಿಯ ಅಳತೆ ಮತ್ತು ಶಟರಿನ ವೇಗ ಎರಡನ್ನೂ ಯಂತ್ರವೇ ಆರಿಸುವ ಪ್ರೋಗ್ರಾಂ ವ್ಯವಸ್ಥೆ ಬಂದಿತು. ಆದರೆ ಈ ಯಂತ್ರಗಳ ಲೆಕ್ಕ ಬೆಳಕಿನದು ಮಾತ್ರ. ಎಷ್ಟು ಆಳ ಬೇಕು ಎಂಬ ಪ್ರಶ್ನೆಯನ್ನು ಅವು ಕೇಳುತ್ತಲೇ ಇರಲಿಲ್ಲ. ಆ ಪ್ರಶ್ನೆಯನ್ನು ಕೇಳಿದ್ದು 1987ರ ಕ್ಯಾನನ್ ಇ.ಓ.ಎಸ್. 650. ಅದರಲ್ಲಿ ಛಾಯಾಗ್ರಾಹಕ ಹತ್ತಿರದ ವಸ್ತುವನ್ನು ಒಮ್ಮೆ, ದೂರದ ವಸ್ತುವನ್ನು ಒಮ್ಮೆ ಗುರುತಿಸಿ ತೋರಿಸಬೇಕು. ಎರಡೂ ಸ್ಪಷ್ಟವಾಗಲು ಬೇಕಾದ ಕಿಂಡಿಯನ್ನೂ ನಡುವೆ ಲೆನ್ಸು ನಿಲ್ಲಬೇಕಾದ ದೂರವನ್ನೂ ಯಂತ್ರ ಲೆಕ್ಕ ಹಾಕುತ್ತದೆ. ಇದು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ವಿವೇಕದ ವ್ಯವಸ್ಥೆ. ಯಾವುದು ಮುಖ್ಯ ಎಂದು ಮನುಷ್ಯ ಹೇಳುತ್ತಾನೆ, ಗಣಿತವನ್ನು ಯಂತ್ರ ಮಾಡುತ್ತದೆ. ಮುಂದೆ 2003ರ ಇ.ಓ.ಎಸ್. 300 ಡಿ ಯಂಥ ಡಿಜಿಟಲ್ ಕ್ಯಾಮೆರಾಗಳಲ್ಲಿ ಎ-ಡೆಪ್ ಎಂಬ ಹೆಸರಿನಲ್ಲಿ ಆ ಗುರುತಿಸುವ ಕೆಲಸವೂ ಯಂತ್ರದ ಪಾಲಾಯಿತು. ದೂರ ಅಳೆಯುವ ಏಳು ಬಿಂದುಗಳಲ್ಲಿ ಎಲ್ಲಕ್ಕಿಂತ ಹತ್ತಿರದ್ದು ಯಾವುದು, ದೂರದ್ದು ಯಾವುದು ಎಂದು ಅದೇ ನೋಡಿಕೊಂಡು ಅವೆರಡರ ನಡುವಿನದನ್ನೆಲ್ಲ ಸ್ಪಷ್ಟವಾಗಿಸಲು ಯತ್ನಿಸುತ್ತಿತ್ತು.

ಇಂಥ ವ್ಯವಸ್ಥೆಯಿದ್ದ ಒಂದು ಕ್ಯಾಮೆರಾವನ್ನು ಬಸವನ ಬಾಗೇವಾಡಿಯ ಶ್ರಾವಣದ ಜಾತ್ರೆಯಲ್ಲಿ ಬಳಸಿ ನೋಡಿದೆ. ಹಗಲಿನಲ್ಲಿ ನಂದಿಕೋಲು ಹೊತ್ತವನಿಂದ ಹಿಡಿದು ಮೂಲನಂದೀಶ್ವರನ ಗುಡಿಯವರೆಗೆ ಎಲ್ಲವೂ ಬಂದವು. ಅಳೆಯುವ ಬಿಂದುಗಳಾವುವೂ ಪಲ್ಲಕ್ಕಿಯ ಮೇಲೆ ಬೀಳದ ಒಂದೆರಡು ಚಿತ್ರಗಳಲ್ಲಿ ಪಲ್ಲಕ್ಕಿಯೇ ಮಸುಕಾಗಿ ಅದರ ಹಿಂದಿನ ಬಳೆ ಅಂಗಡಿ ಸ್ಪಷ್ಟವಾಗಿತ್ತು. ಬಳೆ ಅಂಗಡಿಯೂ ಜಾತ್ರೆಯ ಭಾಗವೇ ಎಂದು ಸಮಾಧಾನ ಮಾಡಿಕೊಂಡೆ. ಸಂಜೆ ಕವಿದಾಗ ಫಜೀತಿ ಆರಂಭವಾಯಿತು. ಆಳ ಬೇಕೆಂದು ಯಂತ್ರ ಕಿಂಡಿಯನ್ನು ಕಿರಿದು ಮಾಡಿತು, ಬೆಳಕು ಸಾಲದೆ ಶಟರು ಅರ್ಧ ಸೆಕೆಂಡು ತೆರೆದೇ ಇತ್ತು, ಕುಣಿಯುವವರೆಲ್ಲ ಹೊಗೆಯಾದರು. 1855ರಲ್ಲಿ ಬಿಗ್ಸನಿಗೆ ಎದುರಾದ ತೊಡಕು ಅದೇ ರೂಪದಲ್ಲಿ ಮರಳಿ ಬಂದಿತ್ತು: ಗುಡಿ ಇದೆ, ಜನರಿಲ್ಲ. 2010ರ ದಶಕದ ಮೊದಲ ವರ್ಷಗಳ ನಂತರ ಬಂದ ಹೊಸ ಮಾದರಿಗಳಲ್ಲಿ ಎ-ಡೆಪ್ ಮರೆಯಾಯಿತು. ಆ ವೇಳೆಗೆ ಕೊಳ್ಳುವವರ ಅಪೇಕ್ಷೆ ಆಳಕ್ಕೆ ವಿರುದ್ಧವಾಗಿ ತಿರುಗಿತ್ತು. ಅಗ್ಗದ 50 ಮಿ.ಮೀ. ಎಫ್ 1.8 ಲೆನ್ಸು ಮದುವೆ ಫೋಟೊಗ್ರಾಫರರ ಕೈಗೆ ಬಂದು, ಹಿನ್ನೆಲೆ ಕರಗಿದಷ್ಟೂ ಚಿತ್ರ ಶ್ರೇಷ್ಠ ಎಂಬ ಅಭಿರುಚಿ ನೆಲೆಯೂರಿತು. ಜಾನಪದ ಕಲಾವಿದರ ಚಿತ್ರಗಳೂ ಇದಕ್ಕೆ ಹೊರತಾಗಲಿಲ್ಲ. ಚೌಡಿಕೆಯವಳ ಕಣ್ಣು, ಡೊಳ್ಳಿನವನ ಬೆವರು ಪ್ರದರ್ಶನಗಳ ಗೋಡೆ ಏರಿದವು. ಚೌಡಿಕೆ ಯಾರ ಮನೆಯ ಅಂಗಳದಲ್ಲಿ ನುಡಿಯಿತು ಎಂಬುದು ಅವುಗಳಿಂದ ತಿಳಿಯುವುದಿಲ್ಲ.

ಈ ನಡುವೆ 2000ದ ದಶಕದ ಸಣ್ಣ ಡಿಜಿಟಲ್ ಕ್ಯಾಮೆರಾಗಳು ನಮಗರಿವಿಲ್ಲದೆ ಬಾಕ್ಸ್ ಕ್ಯಾಮೆರಾದ ಕೆಲಸವನ್ನು ಮುಂದುವರಿಸಿದ್ದವು. ಅವುಗಳ ಸಂವೇದಕ ಬೆರಳಿನ ಉಗುರಿಗಿಂತ ಸಣ್ಣದು, ಲೆನ್ಸಿನ ನಾಭಿದೂರ ಆರೇಳು ಮಿ.ಮೀ. ಮಾತ್ರ. ಆದ್ದರಿಂದ ಕಿಂಡಿ ತೆರೆದಿದ್ದರೂ ಆಳ ಅಪಾರ. ಮೊಬೈಲ್ ಫೋನಿನ ಕ್ಯಾಮೆರಾವೂ ಸ್ವಭಾವತಃ ಇಂಥದ್ದೇ, ಹಿನ್ನೆಲೆಯನ್ನು ಮಸುಕು ಮಾಡುವ ಶಕ್ತಿ ಅದರ ಲೆನ್ಸಿಗೆ ಹೆಚ್ಚೇನೂ ಇಲ್ಲ. ಈ ಕೊರತೆಯನ್ನು ಲೆಕ್ಕದಿಂದ ತುಂಬಿದ್ದು ಪೋರ್ಟ್ರೇಟ್ ಮೋಡ್. 2016ರ ಐಫೋನ್ 7 ಪ್ಲಸ್‌ನಲ್ಲಿ ಎರಡು ಲೆನ್ಸುಗಳ ನೋಟದ ವ್ಯತ್ಯಾಸದಿಂದ ದೂರವನ್ನು ಅಂದಾಜು ಮಾಡಿ, ಮನುಷ್ಯಾಕೃತಿಯನ್ನು ಬೇರ್ಪಡಿಸಿ, ಉಳಿದುದನ್ನು ಯಂತ್ರವೇ ಕಲಸುವ ಕ್ರಮ ಬಂದಿತು. 2017ರ ಗೂಗಲ್ ಪಿಕ್ಸೆಲ್ 2 ಇದನ್ನು ಹಿಂಬದಿಯ ಒಂದೇ ಕ್ಯಾಮೆರಾದಿಂದ ಸಾಧಿಸಿತು. ಕೆಲವೇ ವರ್ಷಗಳಲ್ಲಿ ಅಗ್ಗದ ಫೋನುಗಳಿಗೂ ಇದು ಇಳಿಯಿತು. ಇಲ್ಲಿ ನಡೆಯುವುದು ಹಿಂದಿನ ಯಾವ ಮಸುಕಿನಂತೆಯೂ ಅಲ್ಲ. ಹಿನ್ನೆಲೆ ಮೊದಲು ಸ್ಪಷ್ಟವಾಗಿಯೇ ದಾಖಲಾಗಿ, ಅನಂತರ ಅಳಿಸಲ್ಪಡುತ್ತದೆ. ಅಳಿಸುವಾಗ ಯಂತ್ರಕ್ಕೆ ಮನುಷ್ಯನ ಗುರುತು ಸಿಕ್ಕುವಷ್ಟು ಸುಲಭವಾಗಿ ಅವನ ವೇಷದ ಗುರುತು ಸಿಕ್ಕುವುದಿಲ್ಲ. ನಂದಿಕೋಲಿನ ತುದಿಯ ಗೊಂಡೆ, ಮೊಹರಮ್ಮಿನ ಪಂಜಾದ ಮೇಲಿನ ನವಿಲುಗರಿ, ದೊಡ್ಡಾಟದ ಕಿರೀಟದ ಅಂಚು, ಡೊಳ್ಳಿನ ಹಗ್ಗ ಇವು ಹಿನ್ನೆಲೆಯೆಂದು ಎಣಿಕೆಯಾಗಿ ಅರ್ಧಕ್ಕೇ ಕರಗಿಹೋದ ಚಿತ್ರಗಳನ್ನು ವಿದ್ಯಾರ್ಥಿಗಳು ಕ್ಷೇತ್ರಕಾರ್ಯದ ವರದಿಗಳಲ್ಲಿ ಅಂಟಿಸಿ ತರುತ್ತಿದ್ದಾರೆ. ಹಲವು ಫೋನುಗಳಲ್ಲಿ ದೂರದ ಮಾಹಿತಿ ಚಿತ್ರದ ಜೊತೆಗೇ ಉಳಿದಿರುತ್ತದೆ, ಮಸುಕನ್ನು ತೆಗೆದುಹಾಕಬಹುದು. ವಾಟ್ಸಾಪಿನಲ್ಲಿ ಸಾಮಾನ್ಯ ಚಿತ್ರವಾಗಿ ಕಳುಹಿಸಿದ ಪ್ರತಿಯಲ್ಲಿ ಆ ಅವಕಾಶವಿಲ್ಲ. ಹಳ್ಳಿಗಳಿಂದ ನಮಗೆ ಬರುತ್ತಿರುವ ಬಹುಪಾಲು ಚಿತ್ರಗಳು ಆ ದಾರಿಯಿಂದಲೇ ಬರುತ್ತಿವೆ.

ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಬಿದ್ದದ್ದು 1964ರಲ್ಲಿ, ಅದು ರಾಷ್ಟ್ರಕ್ಕೆ ಸಮರ್ಪಣೆಯಾದದ್ದು 2006ರಲ್ಲಿ. ಅದರ ಕೆಳಗಿನ ನಾರಾಯಣಪುರದ ಜಲಾಶಯ ಅದಕ್ಕೂ ಮೊದಲೇ ತುಂಬಿತ್ತು. ಹಳೆಯ ಕೊಲ್ಹಾರದಂಥ ಊರುಗಳು ನೀರಿನಡಿ ಸೇರಿ, ಅದೇ ಹೆಸರಿನ ಹೊಸ ಊರುಗಳು ಎತ್ತರದ ನೆಲದ ಮೇಲೆ ಸಾಲುಮನೆಗಳಾಗಿ ಎದ್ದವು. ಜಲಾಶಯದ ಮಟ್ಟವನ್ನು 519.60 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸಲು ಕೃಷ್ಣಾ ಜಲವಿವಾದದ ಎರಡನೆಯ ನ್ಯಾಯಾಧಿಕರಣ 2010ರಲ್ಲಿ ಅನುಮತಿ ನೀಡಿದೆ. ಏರಿದರೆ ಇನ್ನಷ್ಟು ಊರುಗಳ ತಲಬಾಗಿಲು, ಮಾಡ, ಒಳಕಲ್ಲು, ಅಲಾಯಿ ಕುಣಿ ನೀರಿಗೆ ಹೋಗುತ್ತವೆ. ಅಂಥ ಊರುಗಳಿಗೆ ಹೋಗುವಾಗ ನಾನು ಈಗ ವಿದ್ಯಾರ್ಥಿಗಳ ಫೋನುಗಳಲ್ಲಿ ಪೋರ್ಟ್ರೇಟ್ ಮೋಡ್ ಮುಚ್ಚಿಸಿ, ಹಾಡುವವರನ್ನು ಗೋಡೆಯಿಂದ ದೂರ ಕರೆಯದೆ ಅವರು ಕುಳಿತಲ್ಲೇ, ಮೂರು ಮೀಟರ್ ಹಿಂದೆ ಸರಿದು, ಬಾಗಿಲು ತೆರೆಸಿ ಒಂದು ಚಿತ್ರ ತೆಗೆಯಿಸುತ್ತೇನೆ. ಮುಖದ ಚಿತ್ರ ಬೇಕಾದರೆ ಅನಂತರ.

ಕುಬಸದ ಆ ಚೌಕ ಚಿತ್ರದ ಪ್ರತಿಯನ್ನು ದೊಡ್ಡದಾಗಿ ಅಚ್ಚು ಹಾಕಿಸಿ ಅಜ್ಜಿಗೆ ಕೊಟ್ಟಿದ್ದೆ. ಮುಂದಿನ ಸಲ ಹೋದಾಗ ಅದು ಗೋಡೆಯ ಮೇಲಿತ್ತು. ಮಗ ಅದಕ್ಕೆ ಕಟ್ಟು ಹಾಕಿಸುವಾಗ ಅಂಗಡಿಯವರು ಹೆಂಗಸರ ಸುತ್ತಲಿನ ಅಂಚನ್ನು ಕತ್ತರಿಸಲು ಕೇಳಿದರಂತೆ. ಅಜ್ಜಿ ಬಿಡಲಿಲ್ಲ, ಕಟ್ಟನ್ನೇ ದೊಡ್ಡದು ಮಾಡಿಸಿದರು.